ಮಾರ್ಕೊ ಪೋಲೊನ ಪುಸ್ತಕವನ್ನು ಕಿರ್ದಿಯಂತೆ ಓದಿದ್ದು

ಶಿರಸಿಯಲ್ಲಿ ನಮ್ಮದು ಅಡಿಕೆ, ಕಾಳುಮೆಣಸಿನ ವ್ಯಾಪಾರ. ಮಧ್ಯಾಹ್ನ ಜನ ಕಡಿಮೆಯಾದಾಗ ಗಲ್ಲಾದ ಹತ್ತಿರ ಕೂತು ಏನಾದರೂ ಓದುವುದು ಅಭ್ಯಾಸ. ಮಾರ್ಕೊ ಪೋಲೊನ ಪುಸ್ತಕವನ್ನು ಮೊದಲ ಸಲ ಹಿಡಿದಾಗ ಪರ್ಷಿಯಾ ದಾಟುವ ಮೊದಲೇ ಕೈಬಿಟ್ಟೆ. ಒಂದು ಊರು, ಅಲ್ಲಿಗೆ ಇಷ್ಟು ದಿನದ ದಾರಿ, ಅಲ್ಲಿ ಸಿಗುವ ಮಾಲು, ಮತ್ತೆ ಇನ್ನೊಂದು ಊರು. ಸಾಹಸದ ಕಥೆ ಹುಡುಕುತ್ತಿದ್ದ ನನಗೆ ಬೇಜಾರು ಬಂತು.

ಎರಡು ವರ್ಷ ಬಿಟ್ಟು ಮತ್ತೆ ತೆಗೆದಾಗ ಹೊಳೆಯಿತು. ಇವನು ನಮ್ಮವನೇ, ವ್ಯಾಪಾರಿ! 1298ರ ಹೊತ್ತಿಗೆ ಜಿನೋವಾದ ಸೆರೆಮನೆಯಲ್ಲಿ ಕೂತು ಇವನು ಹೇಳಿದ್ದನ್ನು ಬರೆದುಕೊಂಡವನು ಪೀಸಾದ ರುಸ್ತಿಕೆಲ್ಲೊ. ಕಥೆಯ ಒಗ್ಗರಣೆ ಅವನದಿರಬಹುದು. ಲೆಕ್ಕ ಮಾತ್ರ ವೆನಿಸ್ಸಿನ ವ್ಯಾಪಾರಿ ಮನೆಯದೇ.

ಹಾಗಾಗಿ ಒಂದು ಉದ್ದನೆಯ ಖಾತೆ ಪುಸ್ತಕ ತೆಗೆದು ಗೆರೆ ಎಳೆದೆ. ಊರು, ದಿನ, ಮಾಲು, ಅಲ್ಲಿ ನಡೆಯುವ ದುಡ್ಡು. ಆಮೇಲೆ ಇನ್ನೊಂದು ಮನೆ ಸೇರಿಸಿದೆ: ಯಾರು ಹೇಳಿದ್ದು. ಕಣ್ಣಾರೆ ಕಂಡದ್ದು ಬೇರೆ, ಕೇಳಿದ್ದು ಬೇರೆ ಅಲ್ವಾ? ಪಕ್ಕದಲ್ಲಿ ಮಗಳ ಶಾಲೆಯ ಅಟ್ಲಾಸ್.

1271ರಲ್ಲಿ 17ರ ಹುಡುಗ ಅಪ್ಪ ನಿಕೊಲೊ, ಅಪ್ಪನ ಸಹೋದರ ಮಫೆಯೊ ಜೊತೆ ಹೊರಡುತ್ತಾನೆ. ಹೊರ್ಮುಜ್‌ನ ಹಡಗುಗಳಿಗೆ ಕಬ್ಬಿಣದ ಮೊಳೆಯಿಲ್ಲ, ತೆಂಗಿನ ನಾರಿನ ಹುರಿಯಲ್ಲಿ ಹೊಲಿದದ್ದು. ಇವನಿಗೆ ಅವುಗಳ ಮೇಲೆ ನಂಬಿಕೆ ಬರುವುದಿಲ್ಲ. ಮುಂದೆ ನೆಲದ ದಾರಿ. ಪಾಮೀರ್ ಹತ್ತಿ, ಕಾಶ್ಗರ್, ಖೋತಾನ್ ದಾಟಿ 1275ರ ಸುಮಾರಿಗೆ ಚೀನಾ ಆಳುತ್ತಿದ್ದ ಮಂಗೋಲ ದೊರೆ ಕುಬ್ಲಾಯ್ ಖಾನನ ಬೇಸಿಗೆ ಅರಮನೆಯಿದ್ದ ಶಾಂಗ್ಡುವಿಗೆ ಬರುತ್ತಾನೆ. ಖಾನನ ರಾಜಧಾನಿಯಲ್ಲಿ ಅವನು ಬೆರಗಾಗಿ ನೋಡುವುದು ಹಿಪ್ಪುನೇರಳೆ ತೊಗಟೆಯ ಕಾಗದದಲ್ಲಿ ಮಾಡಿ ಕೆಂಪು ಮುದ್ರೆ ಒತ್ತಿದ ನೋಟುಗಳನ್ನು. ಹಳೆಯ ನೋಟು ಕೊಟ್ಟು ಹೊಸದು ಪಡೆಯಲು ನೂರಕ್ಕೆ ಮೂರು ವಟ್ಟ. ಆ ವಟ್ಟವನ್ನೂ ಬಿಡದೆ ಹೇಳಿದ್ದಾನೆ ನೋಡಿ. ಅಲ್ಲಿಂದ ಅವನ ಮೇಲೆ ನನಗೆ ಪ್ರೀತಿ ಜಾಸ್ತಿಯಾಯಿತು.

ನನ್ನ ಕಣ್ಣು ಪೂರ್ತಿ ನಿಂತದ್ದು ಕಿನ್ಸಾಯ್ ಪುಟದಲ್ಲಿ. ಈಗಿನ ಹಾಂಗ್‌ಝೌ. ಆ ಊರಿಗೆ ದಿನಕ್ಕೆ 43 ಹೇರು ಕಾಳುಮೆಣಸು ಬೇಕು, ಒಂದು ಹೇರು 223 ಪೌಂಡು ಎನ್ನುತ್ತಾನೆ. ಹೇಳಿದವನು ಖಾನನ ಸುಂಕದ ಅಧಿಕಾರಿ ಎಂದೂ ತಿಳಿಸುತ್ತಾನೆ. ಮೊದಲು ಇಂದಿನ ಪೌಂಡಿನಲ್ಲಿ ಗುಣಿಸಿದೆ, ಸುಮಾರು 43 ಕ್ವಿಂಟಾಲ್ ಬಂತು. ಅದು ನನ್ನ ತಪ್ಪು. ವೆನಿಸ್‌ನಲ್ಲಿ ಆಗ ಎರಡು ಪೌಂಡು ಇದ್ದವು. ದಪ್ಪ ಪೌಂಡು ಸುಮಾರು 477 ಗ್ರಾಂ, ಸಣ್ಣದು 301 ಗ್ರಾಂ. ಮಸಾಲೆ ತೂಗುತ್ತಿದ್ದುದು ಸಣ್ಣ ಪೌಂಡಿನಲ್ಲಿ. ಹಾಗೆ ಹಿಡಿದರೆ ಸುಮಾರು 29 ಕ್ವಿಂಟಾಲ್. ನಮ್ಮ ಅಂಗಡಿಯ 50 ಕೆಜಿ ಚೀಲದಲ್ಲಿ 58 ಚೀಲ. ಗೋದಾಮಿಗೆ ಹೋಗಿ ಮೆಣಸಿನ ಚೀಲಗಳನ್ನು ಎಣಿಸುತ್ತಾ ನಿಂತೆ. ದಿನಾ ಇಷ್ಟು, ಒಂದೇ ಊರಿಗೆ!

ಆಮೇಲೆ ಒಂದು ತಾಳೆ ಸಿಗಲಿಲ್ಲ. ಚೀನಾದ ಜೈತೂನ್ ಬಂದರಿನ ಪುಟದಲ್ಲಿ, ಕ್ರೈಸ್ತರ ನಾಡುಗಳಿಗಾಗಿ ಅಲೆಕ್ಸಾಂಡ್ರಿಯಾಕ್ಕೆ ಒಂದು ಹಡಗು ಮೆಣಸು ಹೋದರೆ ಇಲ್ಲಿಗೆ ನೂರು ಬರುತ್ತವೆ ಎನ್ನುತ್ತಾನೆ. ಮಲಬಾರಿನ ಪುಟದಲ್ಲಿ, ಪಡುವಣಕ್ಕೆ ಹೋಗುವ ಹಡಗುಗಳು ಮೂಡಣಕ್ಕೆ ಹೋಗುವವುಗಳ ಹತ್ತರಲ್ಲಿ ಒಂದು ಪಾಲೂ ಇಲ್ಲ ಎನ್ನುತ್ತಾನೆ. ನೂರೋ, ಹತ್ತೋ? ನಾಲ್ಕು ದಿನ ತಲೆ ಕೆಡಿಸಿಕೊಂಡೆ. ಕೊನೆಗೆ ಎರಡೂ ಪುಟ ಪಕ್ಕದಲ್ಲಿಟ್ಟು ನಿಧಾನ ಓದಿದೆ. ಮಲಬಾರಿನಲ್ಲಿ ಅವನು ಹೇಳುತ್ತಿರುವುದು ಏಡನ್ ಕಡೆಗೆ ಹೊರಟ ಹಡಗುಗಳ ಮಾತು. ಏಡನ್‌ನಿಂದ ಮುಂದೆ ಅಲೆಕ್ಸಾಂಡ್ರಿಯಾ ಮುಟ್ಟುವುದು ಅದರಲ್ಲಿ ಒಂದಿಷ್ಟೇ. ಎರಡು ಬೇರೆ ಬೇರೆ ಲೆಕ್ಕ. ಅವನು ತಪ್ಪಿದ್ದ ಎಂದು ಸುಮ್ನೆ ಬರೆದುಬಿಡುತ್ತಿದ್ದೆ.

ಅದೇ ಮಲಬಾರ್ ಪುಟದಲ್ಲಿ ಇನ್ನೊಂದು ಸಾಲಿದೆ, ನನಗೆ ತುಂಬ ಇಷ್ಟವಾದದ್ದು. ಮೂಡಣದಿಂದ ಬರುವ ಹಡಗುಗಳು ತಳಭಾರಕ್ಕೆ ತಾಮ್ರ ತುಂಬಿಕೊಂಡು ಬರುತ್ತಿದ್ದವಂತೆ. ಖಾಲಿ ಬಂದರೆ ಹಡಗು ಅಲೆಗೆ ನಿಲ್ಲದು. ಕಲ್ಲು ತುಂಬಿದರೆ ಕಾಸು ಹುಟ್ಟದು. ತಾಮ್ರವಾದರೆ ಇಳಿಸಿದಲ್ಲೇ ಮಾರಬಹುದು, ಆ ಜಾಗಕ್ಕೆ ಮೆಣಸು ಹೇರಬಹುದು. ನಾವು ಮಂಗಳೂರಿಗೆ ಲಾರಿ ಕಳಿಸುವಾಗ ರಿಟರ್ನ್ ಲೋಡ್‌ಗೆ ಹತ್ತು ಕಡೆ ಫೋನ್ ಮಾಡುತ್ತೇವಲ್ಲ, ಅದೇ ಕೆಲಸ.