ಎತ್ತು ಏರಿಗೆ, ಕೋಣ ನೀರಿಗೆ: ಎ-10ಸಿ ಕಾಕ್‌ಪಿಟ್‌ನಲ್ಲಿ ಎಸ್‌ಪಿಐ ಪಳಗಿಸುವುದು ಹೇಗೆ?

ಪರದೆಯಲ್ಲಿ ಟ್ಯಾಂಕ್ ನಿಚ್ಚಳವಾಗಿ ಕಾಣುತ್ತಿದೆ. ಲೇಸರ್ ಆನ್ ಆಗಿದೆ. ಬಾಂಬ್ ಬಿಟ್ಟರೆ ಮೂರು ಕಿ.ಮೀ. ಆಚೆ ಖಾಲಿ ಹೊಲದಲ್ಲಿ ಬೀಳುತ್ತದೆ! ಡಿಸಿಎಸ್ ಅನ್ನುವ ಕಂಪ್ಯೂಟರ್ ಸಿಮ್ಯುಲೇಟರ್ ಆಟದಲ್ಲಿ ಅಮೆರಿಕದ ದಾಳಿ ವಿಮಾನ ಎ-10ಸಿ ಹಾರಿಸಲು ಕಲಿಯುವವರ ಪಕ್ಕ ಕೂತು ಇದನ್ನು ಎಷ್ಟೋ ಸಲ ನೋಡಿದ್ದೇನೆ. ‘ಆಟದಲ್ಲೇ ಏನೋ ದೋಷ ಇದೆ’ ಅಂತ ಕೈಬಿಟ್ಟವರೂ ಇದ್ದಾರೆ. ಅವರಿಗೆ ಒಂದೇ ಒಂದು ವಿಷಯ ಯಾರೂ ಬಿಡಿಸಿ ಹೇಳಿರಲಿಲ್ಲ: ಎಸ್‌ಪಿಐ, ಅಂದರೆ ವಿಮಾನ ತನ್ನ ಗುರಿ ಅಂತ ಹಿಡಿದುಕೊಂಡಿರುವ ಜಾಗ.

2011ರಲ್ಲಿ ಡಿಸಿಎಸ್‌ಗೆ ಬಂದ ಈ ಎ-10ಸಿ, ಅಮೆರಿಕದ ಏರ್ ನ್ಯಾಷನಲ್ ಗಾರ್ಡ್‌ಗೆ ಮಾಡಿಕೊಟ್ಟ ತರಬೇತಿ ಸಿಮ್ಯುಲೇಟರ್‌ನಿಂದ ಬೆಳೆದದ್ದು. ಹಾಗಾಗಿ ಗುಂಡಿಗಳ ಲೆಕ್ಕಾಚಾರ ನಿಜವಾದ ವಿಮಾನದ್ದೇ. ಊಹೆ ಮಾಡಿ ಒತ್ತಿದರೆ ನಡೆಯುವುದಿಲ್ಲ.

ಮೊದಲು ದಾರಿಯ ವಿಷಯ ಮುಗಿಸೋಣ, ಅದು ಸುಲಭ. ನಕ್ಷೆಯಲ್ಲಿ ಗುರುತು ಹಾಕಿದ ಜಾಗಗಳೆಲ್ಲ ವೇ ಪಾಯಿಂಟ್. ಅದರಲ್ಲಿ ಈಗ ನೀವು ಆರಿಸಿಕೊಂಡಿರುವುದು ಸ್ಟಿಯರ್ ಪಾಯಿಂಟ್. ಹಾರುವಾಗ ನೀವೇ ಗುರುತು ಹಾಕಿಕೊಂಡದ್ದು ಮಾರ್ಕ್ ಪಾಯಿಂಟ್.

ಈಗ ಪಾಡ್‌ಗೆ ಬನ್ನಿ. ವಿಮಾನದ ಅಡಿಗೆ ನೇತಾಡುವ ಲೈಟ್ನಿಂಗ್ ಟಾರ್ಗೆಟಿಂಗ್ ಪಾಡ್ ಇದು, ಗುರಿ ಹುಡುಕುವ ಕ್ಯಾಮೆರಾ ಮತ್ತು ಲೇಸರ್ ಇರುವ ಕೊಳವೆ. ನಮ್ಮ ಬೆಂಗಳೂರಲ್ಲಿ ತಯಾರಾಗುವ ತೇಜಸ್‌ಗೂ ಲೈಟ್ನಿಂಗ್ ಪಾಡ್ ಹಾಕುತ್ತಾರೆ. ಪಾಡ್ ತೋರಿಸುವ ಚಿತ್ರ ಬಲಗಡೆಯ ಪರದೆಯಲ್ಲಿದೆ ಅಂದುಕೊಳ್ಳಿ. ಥ್ರಾಟಲ್ (ಎಂಜಿನ್ ಹಿಡಿಕೆ) ಮೇಲೆ ಬೆರಳಿನಿಂದ ನಾಲ್ಕೂ ಕಡೆ ಒತ್ತುವ ಗುಂಡಿಯೇ ಕೂಲಿ ಹ್ಯಾಟ್, ಅದನ್ನು ಬಲಕ್ಕೆ ಒತ್ತಿ ಹಿಡಿಯಿರಿ. ಪರದೆಯ ಸುತ್ತ ಹಸಿರು ಚೌಕಟ್ಟು ಬಂತಲ್ವಾ? ಈಗ ನಿಮ್ಮ ಕೈ ಆ ಪರದೆಯ ಮೇಲಿದೆ. ಹೀಗೆ ನಿಮ್ಮ ಗುಂಡಿಗಳ ಮಾತು ಕೇಳುವ ಪರದೆಗೆ ಎಸ್‌ಒಐ ಅನ್ನುತ್ತಾರೆ. ಟ್ಯಾಂಕ್ ಹುಡುಕಿ, ಜಾಯ್‌ಸ್ಟಿಕ್ ಮೇಲಿನ ಟಿಎಂಎಸ್ ಅನ್ನುವ ಗುಂಡಿಯನ್ನು ಮುಂದಕ್ಕೆ ಒಮ್ಮೆ ತಟ್ಟಿ. ಪಾಡ್ ಅಲ್ಲೇ ಕಚ್ಚಿ ನಿಲ್ಲುತ್ತದೆ.

ಹೆಚ್ಚಿನವರು ಎಡವುವುದು ಇಲ್ಲೇ. ಪಾಡ್ ನೋಡುತ್ತಿದೆ ಅಂದ ಮಾತ್ರಕ್ಕೆ ವಿಮಾನ ಅದೇ ಗುರಿ ಅಂತ ಒಪ್ಪಿಕೊಂಡಿಲ್ಲ. ಇಡೀ ವಿಮಾನಕ್ಕೆ ಒಂದು ಹೊತ್ತಿಗೆ ಒಂದೇ ಒಂದು ‘ಗಮನದ ಬಿಂದು’ ಇರುತ್ತದೆ, ಅದೇ ಎಸ್‌ಪಿಐ. ನೀವು ಏನೂ ಹೇಳದಿದ್ದರೆ ಅದು ಸ್ಟಿಯರ್ ಪಾಯಿಂಟ್ ಮೇಲೆ ಕೂತಿರುತ್ತದೆ. ಬಿಡುವ ಹೊತ್ತನ್ನು ಕಂಪ್ಯೂಟರ್ ಹೇಳಿಕೊಡುವ ಸಿಸಿಆರ್‌ಪಿ ಕ್ರಮದಲ್ಲಿ ಬಾಂಬ್ ಯಾವಾಗ ಬಿಡಬೇಕು ಅನ್ನುವ ಲೆಕ್ಕ ನಡೆಯುವುದು ಎಸ್‌ಪಿಐ ಹಿಡಿದುಕೊಂಡೇ. ಪಾಡ್ ಟ್ಯಾಂಕ್ ನೋಡುತ್ತಿರುತ್ತದೆ, ಬಾಂಬ್ ಸ್ಟಿಯರ್ ಪಾಯಿಂಟ್‌ಗೆ ಹೊರಡುತ್ತದೆ. ಎತ್ತು ಏರಿಗೆ, ಕೋಣ ನೀರಿಗೆ. ಜಿಬಿಯು-12 ಲೇಸರ್ ಬಾಂಬ್ ಕೂಡ ಇಲ್ಲಿ ಕೈಕೊಡುತ್ತದೆ. ಅಷ್ಟು ದೂರ ಬಿದ್ದ ಲೇಸರ್ ಚುಕ್ಕೆ ಅದರ ಕಣ್ಣಿಗೆ ಬೀಳುವುದೇ ಇಲ್ಲ.

ಆದ್ದರಿಂದ ಪಾಡ್ ಪರದೆ ಎಸ್‌ಒಐ ಆಗಿರುವಾಗಲೇ ಟಿಎಂಎಸ್ ಅನ್ನು ಮುಂದಕ್ಕೆ ಒತ್ತಿ ಹಿಡಿಯಿರಿ. ತಟ್ಟಿದರೆ ಸಾಲದು, ಮನಸ್ಸಿನಲ್ಲಿ ನಿಧಾನಕ್ಕೆ ‘ಒಂದು’ ಅಂತ ಎಣಿಸುವಷ್ಟು ಹೊತ್ತು ಬೇಕು. ಆಮೇಲೆ ಕಣ್ಣೆದುರಿನ ಗಾಜಿನ ಮೇಲೆ ಮಾಹಿತಿ ತೋರಿಸುವ ಹಡ್‌ನ ಕೆಳಗಡೆ ಎಡಮೂಲೆ ನೋಡಿ. ‘ಎಸ್‌ಟಿಪಿಟಿ’ (ಸ್ಟಿಯರ್ ಪಾಯಿಂಟ್) ಅಂತ ಇದ್ದದ್ದು ‘ಟಿಜಿಪಿ’ (ಟಾರ್ಗೆಟಿಂಗ್ ಪಾಡ್) ಆಗಿರಬೇಕು. ಆಗದಿದ್ದರೆ ಮತ್ತೆ ಒತ್ತಿ. ಆ ಮೂರಕ್ಷರ ಕಾಣುವ ತನಕ ಆಯುಧಗಳನ್ನು ಸಜ್ಜುಗೊಳಿಸುವ ಮಾಸ್ಟರ್ ಆರ್ಮ್ ಸ್ವಿಚ್ ಮುಟ್ಟಲೇಬೇಡಿ.

ಇನ್ನೊಂದು ತಪ್ಪು. ಥ್ರಾಟಲ್ ಮೇಲೇ ಇರುವ ಚೈನಾ ಹ್ಯಾಟ್ ಅನ್ನುವ ಇನ್ನೊಂದು ಗುಂಡಿಯನ್ನು ಮುಂದಕ್ಕೆ ಒತ್ತಿ ಹಿಡಿದರೆ ಎಲ್ಲ ಸೆನ್ಸರ್‌ಗಳೂ ಎಸ್‌ಪಿಐ ಕಡೆ ತಿರುಗುತ್ತವೆ. ತುಂಬಾ ಒಳ್ಳೆಯ ಗುಂಡಿ ಇದು. ಆದರೆ ಟಿಎಂಎಸ್‌ಗಿಂತ ಮೊದಲೇ ಇದನ್ನು ಒತ್ತಿದರೆ ಪಾಡ್ ಸೀದಾ ಸ್ಟಿಯರ್ ಪಾಯಿಂಟ್‌ಗೆ ಜಿಗಿಯುತ್ತದೆ. ಹತ್ತು ನಿಮಿಷ ಕಷ್ಟಪಟ್ಟು ಹುಡುಕಿದ ಟ್ಯಾಂಕ್ ಕಣ್ಣೆದುರೇ ಮಾಯ. ಮೊದಲು ಟಿಎಂಎಸ್, ಆಮೇಲೆ ಚೈನಾ. ಹಾಗೆಯೇ, ಪಾಡ್ ಅನ್ನು ಎಸ್‌ಪಿಐ ಮಾಡಿದ ಮೇಲೆ ಪಾಡ್ ಅಲ್ಲಾಡಿಸಿದರೆ ಎಸ್‌ಪಿಐ ಕೂಡ ಅದರ ಜೊತೆಗೇ ಓಡುತ್ತದೆ. ಬಾಂಬ್ ಗಾಳಿಯಲ್ಲಿರುವಾಗ ‘ಪಕ್ಕದಲ್ಲಿ ಇನ್ನೇನಿದೆ’ ಅಂತ ಸುಮ್ನೆ ಇಣುಕಬೇಡಿ.

ಇದನ್ನೆಲ್ಲ ಕೀಬೋರ್ಡ್‌ನಲ್ಲಿ ಮಾಡಲು ಹೋಗಬೇಡಿ. ಒಂದೇ ಹ್ಯಾಟ್ ಇರುವ ಅಗ್ಗದ ಜಾಯ್‌ಸ್ಟಿಕ್ ಕೂಡ ಬೇಡ. ನಾನು ಕೊಂಡಿದ್ದ ಒಂದರಲ್ಲಿ ಹ್ಯಾಟ್ ಒತ್ತಿ ಹಿಡಿದರೆ ಮಧ್ಯದಲ್ಲೇ ಬಿಟ್ಟುಹೋಗುತ್ತಿತ್ತು. ಒತ್ತಿ ಹಿಡಿದದ್ದೆಲ್ಲ ತಟ್ಟಿದಂತೆ ಲೆಕ್ಕವಾಗುತ್ತಿತ್ತು. ಕಡಿಮೆ ಅಂದರೂ ಎರಡು ಹ್ಯಾಟ್ ಇರಲಿ. ಟ್ಯಾಂಕ್‌ಗಳ ಮೇಲೆ ಹೆಸರು ತೋರಿಸುವ ಲೇಬಲ್ ಸೌಲಭ್ಯವನ್ನೂ ಆಫ್ ಮಾಡಿಬಿಡಿ. ಅದಿದ್ದರೆ ಪಾಡ್‌ನಲ್ಲಿ ಹುಡುಕುವ ಅಭ್ಯಾಸವೇ ಆಗುವುದಿಲ್ಲ.

ಕೊನೆಗೆ ಮಾರ್ಕ್ ಪಾಯಿಂಟ್. ಗುರಿ ಸಿಕ್ಕ ತಕ್ಷಣ ಇದನ್ನು ಹಾಕುವುದು ನನ್ನ ಕಟ್ಟುನಿಟ್ಟಿನ ರೂಢಿ, ನಿಮ್ಮದೂ ಆಗಲಿ. ಮೊದಲು ಲೇಸರ್ ಹಾಯಿಸಿ ದೂರ ಅಳೆಯಿರಿ. ಆಮೇಲೆ ಟಿಎಂಎಸ್ ಬಲಕ್ಕೆ ತಟ್ಟಿ. ‘ಎ’ ಮಾರ್ಕ್ ತಯಾರು. ಮುಂದಿನದು ‘ಬಿ’, ಹೀಗೇ ಸಾಗುತ್ತದೆ. ‘ಝಡ್’ ಮಾತ್ರ ಆಯುಧ ಬಿಟ್ಟಾಗ ತಾನಾಗೇ ಬೀಳುವ ಗುರುತು.

ಗುಂಡಿನ ಮಳೆಯಿಂದ ತಪ್ಪಿಸಿಕೊಂಡು ಬೆಟ್ಟದ ಆಚೆ ಹೋದಿರಿ ಅನ್ನಿ. ವಾಪಸ್ ತಿರುಗುವಾಗ ಸ್ಟಿಯರ್ ಪಾಯಿಂಟ್ ಡಯಲ್ ಅನ್ನು ‘ಮಾರ್ಕ್’ಗೆ ತಿರುಗಿಸಿ ‘ಎ’ ಆರಿಸಿ. ಟಿಎಂಎಸ್ ಹಿಂದಕ್ಕೆ ಒತ್ತಿ ಹಿಡಿಯಿರಿ. ಎಸ್‌ಪಿಐ ಈಗ ಆ ಮಾರ್ಕ್ ಮೇಲೆ ಕೂತಿತು. ಚೈನಾ ಹ್ಯಾಟ್ ಮುಂದಕ್ಕೆ ಒತ್ತಿ ಹಿಡಿದರೆ ಪಾಡ್ ತಿರುಗುತ್ತದೆ. ಬೆಟ್ಟದ ಮರೆ ಕಳೆಯುತ್ತಲೇ ಅದೇ ಟ್ಯಾಂಕ್ ಮತ್ತೆ ಪರದೆಯ ನಡುವೆ ಬಂದು ನಿಲ್ಲುತ್ತದೆ.