ರೇಸ್ ಬಿಟ್ಟ ಕುದುರೆನ ಸವಾರಿಗೆ ತಗೊಳ್ಳೋ ಮುಂಚೆ

ಇಂಗ್ಲಿಷ್ ಜೀನು ಹಾಕ್ಕೊಂಡು ಬೆಳಗ್ಗೆ ಹೊತ್ತು ಆರಾಮಾಗಿ ಸವಾರಿ ಮಾಡೋಕೆ ಸ್ವಂತ ಕುದುರೆ ಬೇಕು ಅನ್ನೋರಿಗೆ ಬೆಂಗಳೂರು ಮೈಸೂರು ಕಡೆ ಸಲೀಸಾಗಿ ಸಿಗೋದು ರೇಸ್ ಬಿಟ್ಟಿರೋ ಥರೋಬ್ರೆಡ್ಡೇ, ಅಂದ್ರೆ ಓಟಕ್ಕಂತಲೇ ಬೆಳೆಸೋ ತಳಿ. ಎರಡೂ ಊರಲ್ಲಿ ರೇಸ್ ಕೋರ್ಸ್ ಇದೆ, ಐದಾರು ವರ್ಷಕ್ಕೇ ಓಟ ಮುಗಿಸಿ ನಿಂತಿರೋ ಕುದುರೆ ಒಂದಲ್ಲ ಒಂದು ಇದ್ದೇ ಇರುತ್ತೆ. ರೇಟ್ ಕಮ್ಮಿ ಅಂತ ಕೈ ಹಾಕ್ಬೇಡಿ.

ನೀವಿನ್ನೂ ಕ್ಯಾಂಟರಲ್ಲಿ (ಟ್ರಾಟ್‌ಗಿಂತ ಜೋರು, ನಾಗಾಲೋಟಕ್ಕಿಂತ ನಿಧಾನದ ಓಟ) ಅಲ್ಲಾಡದೆ ಕೂರೋದು ಕಲೀತಾ ಇದ್ರೆ ಇದು ನಿಮಗಲ್ಲ, ರೈಡಿಂಗ್ ಸ್ಕೂಲಲ್ಲಿ ಪಳಗಿದ ಹತ್ತು ಹನ್ನೆರಡು ವರ್ಷದ ಗೆಲ್ಡಿಂಗ್ (ಬೀಜ ತೆಗೆಸಿದ ಗಂಡು ಕುದುರೆ) ಹುಡುಕಿ. ಯಾಕಂದ್ರೆ ಜಾಕಿ ಬೆನ್ನ ಮೇಲೆ ಪೂರ್ತಿ ಕೂರೋದೇ ಇಲ್ಲ, ರಿಕಾಪಲ್ಲಿ (ಜೀನಿಂದ ಇಳಿಬಿಟ್ಟಿರೋ ಕಾಲಿಡೋ ಬಳೆ) ಎದ್ದು ನಿಂತಿರ್ತಾನೆ, ಹಂಗಾಗಿ ನಿಮ್ಮ ಕಾಲು ಹೊಟ್ಟೆಗೆ ಒತ್ತಿದ್ರೆ ಏನರ್ಥ ಅಂತಾನೇ ಆ ಕುದುರೆಗೆ ಗೊತ್ತಿರಲ್ಲ, ಭಯ ಆಗಿ ಲಗಾಮು ಬಿಗಿ ಹಿಡಿದ್ರಂತೂ ಅದರ ಮೇಲೇ ಭಾರ ಹಾಕಿ ಇನ್ನೂ ಜೋರಾಗಿ ಓಡುತ್ತೆ. ಮತ್ತೆ ಪಳಗ್ಸೋಕೆ ತಿಂಗಳುಗಟ್ಟಲೆ ಬೇಕು.

ನೋಡೋಕೆ ಹೋಗೋವಾಗ ಮುಖ್ಯವಾದ ಮಾತು, ನಾನು ಬರೋವರೆಗೂ ಜೀನು ಹಾಕ್ಬೇಡಿ, ಲಾಯದಿಂದ ಹೊರಗೆ ತರ್ಬೇಡಿ ಅಂತ ಮಾರೋರಿಗೆ ಹೇಳಿ, ಓಡಿ ಮೈ ಬಿಸಿಯಾದ್ರೆ ಕುಂಟು ಮರೆಯಾಗ್ಬಹುದು. ನಾನು ಒಂದ್ಸಲ ಕೆಂಚು ಕುದುರೆ ನೋಡೋಕೆ ಹೋದಾಗ ಆಗ್ಲೇ ಒಂದು ರೌಂಡ್ ಓಡ್ಸಿ ಕುತ್ತಿಗೆಯೆಲ್ಲ ಬೆವರಿತ್ತು, ನಡೆ ನೋಡಿದ್ರೆ ಬೆಣ್ಣೆ ಥರ. ಮನಸು ಒಪ್ಪದೆ ಮಾರನೇ ದಿನ ಬೆಳಗ್ಗೆ ಆರು ಗಂಟೆಗೆ ಹೇಳದೆ ಹೋದೆ, ಲಾಯದಿಂದ ಹೊರಗೆ ಬರೋವಾಗ ಮುಂದಿನ ಎಡಗಾಲು ಕುಂಟ್ತಾ ಇತ್ತು. ಅದರ ಕಣ್ಣು ನೋಡಿ ಕರುಳು ಚುರುಕ್ ಅಂತು.

ಕಾಲನ್ನ ಕಣ್ಣಲ್ಲಿ ನೋಡಿದ್ರೆ ಸಾಲ್ದು, ಕೈಯಲ್ಲಿ ನೋಡ್ಬೇಕು. ಮುಂಗಾಲು ಮಂಡಿ ಕೆಳಗೆ ಹಿಂಬದಿಲಿ ಹಗ್ಗದ ಥರ ಸ್ನಾಯುರಜ್ಜು (ಟೆಂಡನ್) ಇರುತ್ತೆ, ಅಂಗೈ ಇಟ್ಟು ಮೇಲಿಂದ ಗೊರಸಿನವರೆಗೂ ನಿಧಾನಕ್ಕೆ ಸವರಿ, ಆಮೇಲೆ ಇನ್ನೊಂದು ಕಾಲು. ಒಂದು ಬಿಸಿ ಇನ್ನೊಂದು ತಣ್ಣಗಿದ್ರೆ, ಇಲ್ಲಾ ಆ ಟೆಂಡನ್ ಬಾಳೆಹಣ್ಣಿನ ಥರ ಹಿಂದಕ್ಕೆ ಉಬ್ಬಿದ್ರೆ ಅದು ಹೆಚ್ಚಾಗಿ ಓಟದಲ್ಲಿ ಆದ ಪೆಟ್ಟು. ಗಟ್ಟಿ ನೆಲದ ಮೇಲೆ ನೇರವಾಗಿ ಟ್ರಾಟ್ (ಕುಕ್ಕುಲೋಟ) ಮಾಡ್ಸಿ, ನೋವಿರೋ ಮುಂಗಾಲು ನೆಲ ಮುಟ್ಟಿದಾಗ ತಲೆ ಮೇಲಕ್ಕೆ ಎತ್ತುತ್ತೆ. ನಮ್ಮ ಕಡೆ ಸುಳಿ ನೋಡೋರು ಜಾಸ್ತಿ, ಸುಳಿ ನೋಡೋ ಹೊತ್ತಲ್ಲಿ ಗೊರಸು ನೋಡಿದ್ರೆ ಎಷ್ಟೋ ಒಳ್ಳೇದು. ಬಾಗಿಲ ಮರ ಕಚ್ಚಿ ಗಾಳಿ ಎಳ್ಕೊಳ್ಳೋ ಚಾಳಿ ಇದ್ಯಾ ಅಂತ ಸ್ವಲ್ಪ ಹೊತ್ತು ಸುಮ್ನೆ ನಿಂತು ಗಮನಿಸಿ. ಮೊದಲು ಅವರ ಕಡೆಯೋರೇ ಹತ್ತಿ ತೋರಿಸ್ಲಿ, ಆಮೇಲೆ ನೀವು.

ಡಾಕ್ಟರ್ ನಿಮ್ಮೋರೇ ಇರ್ಲಿ, ಮಾರೋರ ಡಾಕ್ಟರ್ ಬೇಡ. ಕಾಲು ಸ್ವಲ್ಪ ಹೊತ್ತು ಮಡಚಿ ಹಿಡಿದು, ಬಿಟ್ಟ ತಕ್ಷಣ ಓಡ್ಸೋ ಟೆಸ್ಟು, ಎಕ್ಸ್‌ರೇ, ನೋವು ಮರೆಸೋ ಇಂಜೆಕ್ಷನ್ ಕೊಟ್ಟಿದ್ದಾರಾ ಅಂತ ರಕ್ತ ಪರೀಕ್ಷೆ ಮಾಡ್ಸಿ. ಗ್ಲಾಂಡರ್ಸ್ ಟೆಸ್ಟ್ ನೆಗೆಟಿವ್ ಅಂತ ಕಾಗದ ಕೈಗೆ ಬರೋವರೆಗೂ ದುಡ್ಡು ಕೊಡ್ಬೇಡಿ, ಅದು ಮನುಷ್ಯರಿಗೂ ಹರಡೋ ಕಾಯಿಲೆ. ಕುದುರೆ ಪಾಸ್‌ಪೋರ್ಟಲ್ಲಿರೋ (ಅದರ ಗುರುತಿನ ಪುಸ್ತಕ) ಗುರುತು, ಮೈಕ್ರೋಚಿಪ್ ನಂಬರ್ ಎರಡೂ ತಾಳೆ ನೋಡಿ.

ಖರೀದಿ ದುಡ್ಡಿಗಿಂತ ಸಾಕೋ ಖರ್ಚೇ ದೊಡ್ಡದು. 450 ಕೆಜಿ ಕುದುರೆಗೆ ದಿನಕ್ಕೆ 7ರಿಂದ 9 ಕೆಜಿ ಒಣಹುಲ್ಲು, 25ರಿಂದ 50 ಲೀಟರ್ ನೀರು, ಐದಾರು ವಾರಕ್ಕೊಮ್ಮೆ ಲಾಳ, ಜೊತೆಗೆ ಲಾಯದ ಬಾಡಿಗೆ, ಸೈಸ್ (ಕುದುರೆ ನೋಡ್ಕೊಳ್ಳೋ ಆಳು) ಸಂಬಳ.

ಕರ್ಕೊಂಡು ಹೊರಡೋ ದಿನ ಅದನ್ನ ಇಷ್ಟು ದಿನ ನೋಡ್ಕೊಂಡ ಸೈಸ್ ಜೊತೆ ಅರ್ಧ ಗಂಟೆ ಕೂತು ಮಾತಾಡಿ, ಏನು ತಿನ್ನುತ್ತೆ, ಯಾವುದಕ್ಕೆ ಬೆದರುತ್ತೆ, ಎಲ್ಲಿ ಕೆರೆದ್ರೆ ಖುಷಿ ಅಂತ ಅವನಿಗೆ ಗೊತ್ತಿರೋಷ್ಟು ಓನರ್‌ಗೂ ಗೊತ್ತಿರಲ್ಲ. ಅಲ್ಲಿಂದಲೇ ಎರಡು ಮೂಟೆ ಹಳೇ ಮೇವು ತಗೊಂಡು ಬನ್ನಿ, ಒಂದು ವಾರ ಹತ್ತು ದಿನ ಹೊಸದರ ಜೊತೆ ಬೆರೆಸ್ತಾ ಬದಲಾಯಿಸಿ, ಕುದುರೆಗೆ ವಾಂತಿ ಮಾಡೋಕೆ ಆಗಲ್ಲ, ಹೊಟ್ಟೆನೋವು ಬಂದ್ರೆ ಪ್ರಾಣಕ್ಕೇ ಅಪಾಯ.