ಒಂದು ಗೇಣು, ಒಂದು ಮೊಳ: ಪೇಸ್‌ಮೇಕರ್ ಜೊತೆ ನನ್ನ ಆರು ವರ್ಷ

ಕೊಟ್ಟಿಗೆಲಿ ಹಾಲು ಕರೀತಾ ಇದ್ದೆ, ಕೈಯಲ್ಲಿ ಚೊಂಬು ಇತ್ತು, ಅಷ್ಟೇ ನೆನಪು. ಕಣ್ಣು ಬಿಟ್ಟಾಗ ಹಾಸಿದ ಸೊಪ್ಪಿನ ಮೇಲೆ ಬಿದ್ದಿದ್ದೆ, ದನ ನನ್ನ ಮುಖ ಮೂಸ್ತಾ ಇತ್ತು. 2019ರ ಜೂನ್, ಮಳೆ ಹಿಡಿದು ನಾಕು ದಿನ ಆಗಿತ್ತು. ಅದಕ್ಕೂ ಹಿಂದೆ ಸುಮಾರು ಒಂದು ವರ್ಷದಿಂದ ಗುಡ್ಡ ಹತ್ತಿದ್ರೆ ಏದುಸಿರು, ಬಗ್ಗಿ ಎದ್ರೆ ಕಣ್ಣು ಕತ್ಲೆ ಬರೋದು ಇದ್ದೇ ಇತ್ತು, ಪಿತ್ತ ಇರ್ಬೇಕು ಅಂತ ಅತ್ತೆ ಜೀರಿಗೆ ಕಷಾಯ ಮಾಡಿ ಕೊಡೋರು, ಒಬ್ರು ಡಾಕ್ಟ್ರು ರಕ್ತ ಕಮ್ಮಿ ಅಂತ ಐರನ್ ಮಾತ್ರೆ ಬರೆದಿದ್ರು. ಆ ಇಡೀ ವರ್ಷ ಯಾರೂ ನನ್ನ ನಾಡಿ ಹಿಡಿದು ಗಡಿಯಾರ ನೋಡಿರ್ಲಿಲ್ಲ, ನಾನೂ ನೋಡ್ಕೊಂಡಿರ್ಲಿಲ್ಲ. ತೀರ್ಥಹಳ್ಳಿಲಿ ಇಸಿಜಿ ತೆಗೆದಾಗ ನಿಮಿಷಕ್ಕೆ 34 ಬಡಿತ. ಅವತ್ತೇ ಶಿವಮೊಗ್ಗಕ್ಕೆ ಕಳಿಸಿದ್ರು.

ಕಂಪ್ಲೀಟ್ ಹಾರ್ಟ್ ಬ್ಲಾಕ್ ಅಂದ್ರು. ಬ್ಲಾಕ್ ಅಂದ ಕೂಡ್ಲೆ ಎಲ್ರೂ ಸ್ಟೆಂಟ್ ಹಾಕಿದ್ರಾ ಅಂತ ಕೇಳ್ತಾರೆ, ಈಗ್ಲೂ ಕೇಳ್ತಾರೆ. ಇದು ರಕ್ತನಾಳದ ಬ್ಲಾಕ್ ಅಲ್ಲ, ಕರೆಂಟಿನ ಬ್ಲಾಕ್. ಹೃದಯದ ಮೇಲಿನ ಕೋಣೆಲಿ ಹುಟ್ಟೋ ಸಣ್ಣ ಕರೆಂಟು ಕೆಳಗಿನ ಕೋಣೆಗೆ ಇಳಿದು ಬಂದ್ರೆ ಅದು ಬಡಿಯೋದು, ನಂಗೆ ಆ ದಾರಿ ಪೂರ್ತಿ ಮುಚ್ಚಿಹೋಗಿತ್ತು. "ಮೋಟ್ರು ಚೆನ್ನಾಗಿದೆ ಅಮ್ಮ, ಲೈನ್ ಕಟ್ಟಾಗಿದೆ" ಅಂದ್ರು ಡಾಕ್ಟ್ರು. ಮಳೆಗಾಲದಲ್ಲಿ ಲೈನ್ ಮೇಲೆ ಮರ ಬಿದ್ದು ವಾರಗಟ್ಲೆ ಕತ್ಲೇಲಿ ಕೂರೋ ನಮಗೆ ಅದು ಬೇಗ ಅರ್ಥ ಆಗುತ್ತೆ.

ಪೇಸ್‌ಮೇಕರ್ ಹಾಕ್ಬೇಕು ಅಂದ್ರು, ಅಂದ್ರೆ ಹೃದಯಕ್ಕೆ ಕರೆಂಟಿನ ತಟ್ಟು ಕೊಟ್ಟು ಬಡಿಯೋ ಹಂಗೆ ಮಾಡೋ ಒಂದು ಸಣ್ಣ ಬ್ಯಾಟರಿ ಡಬ್ಬಿ. ಆಪರೇಷನ್ ಬಗ್ಗೆ ಹೆಚ್ಚು ಹೇಳೋದಿಲ್ಲ. ಪೂರ್ತಿ ಪ್ರಜ್ಞೆ ತಪ್ಪಿಸ್ಲಿಲ್ಲ, ಎಡಗಡೆ ಕಾಲರ್ ಮೂಳೆ ಕೆಳಗೆ ಮರಗಟ್ಟೋ ಇಂಜೆಕ್ಷನ್ ಕೊಟ್ಟು, ಅಲ್ಲಿನ ರಕ್ತನಾಳದ ಒಳಗಿಂದ ಎರಡು ವೈರ್ ಹೃದಯಕ್ಕೆ ಇಳಿಸಿ, ಡಬ್ಬಿನ ಚರ್ಮದ ಕೆಳಗೆ ಇಟ್ಟು ಹೊಲಿದ್ರು. ಬೆಂಕಿಪೊಟ್ಟಣಕ್ಕಿಂತ ತೆಳು. ಅದು ಬಡೀವಾಗ ಶಾಕ್ ಹೊಡೀತದಾ ಅಂತ ಸುಮಾರು ಜನ ಕೇಳಿದಾರೆ, ನಂಗೆ ಎಂತದೂ ಗೊತ್ತಾಗಲ್ಲ. ಮೇಲಿನ ಕೋಣೆ ಬಡಿದದ್ದನ್ನ ಅದು ಕೇಳಿಸ್ಕೊಂಡು, ಕೆಳಗಿನ ಕೋಣೆ ತಾನಾಗೇ ಬಡೀಲಿಲ್ಲ ಅಂದ್ರೆ ಮಾತ್ರ ಒಂದು ಸಣ್ಣ ತಟ್ಟು ಕೊಡುತ್ತೆ. ಹಂಗಾಗಿ ಗುಡ್ಡ ಹತ್ತುವಾಗ ನನ್ನ ಬಡಿತ ತಾನೇ 110ಕ್ಕೆ ಏರುತ್ತೆ, ಕೂತಾಗ ಇಳಿಯುತ್ತೆ, 60ಕ್ಕಿಂತ ಕೆಳಗೆ ಮಾತ್ರ ಹೋಗಲ್ಲ.

ನಾನು ಮುಖ್ಯವಾಗಿ ಬರೀಬೇಕು ಅಂತ ಕೂತದ್ದು ಕೈ ವಿಷಯ. ಡಿಸ್ಚಾರ್ಜ್ ಮಾಡುವಾಗ ಎಡಗೈನ ಆರು ವಾರ ಭುಜಕ್ಕಿಂತ ಮೇಲೆ ಎತ್ತಬೇಡಿ, ಭಾರ ಹೊರಬೇಡಿ ಅಂದಿದ್ರು, ವೈರಿನ ತುದಿ ಹೃದಯದೊಳಗೆ ಕಚ್ಚಿಕೊಳ್ಳೋಕೆ ಅಷ್ಟು ಸಮಯ ಬೇಕು, ಎಳೆದ್ರೆ ಜಾರಬಹುದು. ಭುಜದ ಕೆಳಗೆ ಕೈ ಆಡಿಸ್ತಾನೇ ಇರಿ ಅಂತಾನೂ ಹೇಳಿದ್ರಂತೆ, ಆದ್ರೆ ಮನೆಗೆ ಬರೋ ಹೊತ್ತಿಗೆ "ಎತ್ತಬೇಡಿ" ಅನ್ನೋದು ಒಂದೇ ಎಲ್ರ ತಲೇಲಿ ಉಳಿದಿತ್ತು. ಅತ್ತೆ ಹಳೇ ಸೀರೆ ಹರಿದು ಕೈಗೆ ಜೋಳಿಗೆ ಕಟ್ಟಿ ಕೊಟ್ರು. "ಮಾರಾಯ್ತಿ, ನೀ ಎಂತದೂ ಮುಟ್ಟಬೇಡ, ಸುಮ್ನೆ ಕೂತ್ಕೋ" ಅಂತ ಬಾವಿ ಕಡೆ ಹೋಗೋಕೂ ಬಿಡ್ಲಿಲ್ಲ, ನಮ್ಮನೆಯವ್ರು ಚೊಂಬು ನೀರೂ ತಂದು ಕೊಡೋರು. ಪ್ರೀತಿಯಿಂದಲೇ ಮಾಡಿದ್ದು, ನಂಗೂ ಒಳಗೆ ಹೆದರಿಕೆ ಇತ್ತು, ಕೈ ಅಲ್ಲಾಡಿದ್ರೆ ವೈರ್ ಕಿತ್ತು ಬರುತ್ತೆ ಅನ್ನೋ ಹೆದರಿಕೆ. ಆರು ವಾರ ಹೋಗಿ ಮೂರು ತಿಂಗಳಾಯ್ತು.

ಗೌರಿ ಹಬ್ಬದ ದಿನ ಬೆಳಿಗ್ಗೆ ಜಡೆಗೆ ಹೂ ಮುಡಿಯೋಣ ಅಂತ ಎರಡೂ ಕೈ ಹಿಂದೆ ಒಯ್ದೆ. ಬಲಗೈ ಹೋಯ್ತು. ಎಡಗೈ ಕಿವಿ ಹತ್ರ ಬಂದು ನಿಂತುಬಿಡ್ತು, ಅದರಿಂದ ಮುಂದಕ್ಕೆ ಒಂದು ಇಂಚೂ ಇಲ್ಲ, ಒತ್ತಿದ್ರೆ ಭುಜದಲ್ಲಿ ಜೀವ ಹೋಗೋ ನೋವು. ಕನ್ನಡಿ ಮುಂದೆ ಸೇವಂತಿಗೆ ಹಿಡ್ಕೊಂಡು ನಿಂತು ಅತ್ತುಬಿಟ್ಟೆ, ಹೃದಯ ಸರಿ ಆಗಿ ಕೈ ಹೋಯ್ತು ಅಂತ. ಫ್ರೋಜನ್ ಶೋಲ್ಡರ್, ಆಡಿಸದೇ ಇಟ್ಟ ಕೀಲು ಬಿಗಿದುಕೊಂಡಿದ್ದು. ಫಿಸಿಯೋಥೆರಪಿಯವ್ರು ಗೋಡೆ ಮೇಲೆ ಬೆರಳು ಹತ್ತಿಸೋದು ಹೇಳ್ಕೊಟ್ರು, ಪ್ರತಿದಿನ ಎಲ್ಲಿವರೆಗೆ ಹೋಯ್ತು ಅಂತ ಜಗಲಿ ಗೋಡೆ ಮೇಲೆ ಇದ್ದಿಲಲ್ಲಿ ಗೆರೆ ಹಾಕ್ತಿದ್ದೆ. ಹಳೇ ಬಾವಿ ಗಡಗಡೆ ಒಂದು ಇತ್ತು, ಅದನ್ನ ಜಂತಿಗೆ ಕಟ್ಟಿಸಿ ಹಗ್ಗ ಹಾಕಿ, ಬಲಗೈಲಿ ಎಳೆದು ಎಡಗೈ ಎತ್ತೋದು, ದಿನಕ್ಕೆ ಮೂರು ಸಲ. ಕೈ ಪೂರ್ತಿ ಮೇಲೆ ಹೋಗೋಕೆ ಏಳು ತಿಂಗಳು ಬೇಕಾಯ್ತು. ಹೊಸದಾಗಿ ಹಾಕಿಸ್ಕೊಂಡವರಿಗೆ ನಾನು ಮೊದಲು ಹೇಳೋದೇ ಇದು, ಆರು ವಾರ ಮೇಲೆ ಎತ್ತಬೇಡಿ, ಆದ್ರೆ ಮೊದಲ ವಾರದಿಂದಲೇ ಭುಜದ ಕೆಳಗೆ ಆಡಿಸಿ, ಊಟ ಬಡಿಸಿ, ತರಕಾರಿ ಹೆಚ್ಚಿ, ಕೈನ ಕಟ್ಟಿ ಇಡಬೇಡಿ. ಆರು ವಾರ ಆದ್ಮೇಲೆ ಡಾಕ್ಟ್ರನ್ನ ಕೇಳಿ ಮೇಲಕ್ಕೂ ಎತ್ತಿ.

ಹೆಂಗಸರಿಗೆ ಇನ್ನೊಂದು ತೊಂದರೆ ಇದೆ, ಅದನ್ನ ಯಾವ ಡಾಕ್ಟ್ರೂ ಹೇಳಲ್ಲ. ಸೆರಗು ಬರೋದು ಎಡ ಭುಜಕ್ಕೆ, ಪಿನ್ನು ಕುತ್ಕೊಳ್ಳೋದು ಸರಿಯಾಗಿ ಡಬ್ಬಿ ಮೇಲ್ಗಡೆ, ಒಳಗಿನ ಪಟ್ಟಿನೂ ಅಲ್ಲೇ ಉಜ್ಜುತ್ತೆ. ಗಾಯ ಮಾಗಿದ ಮೇಲೂ ಸುಮಾರು ದಿನ ಉರೀತಿತ್ತು. ಈಗ ಪಿನ್ನನ್ನ ಭುಜದ ತುದಿಗೆ ಸರಿಸಿ ಹಾಕ್ತೀನಿ, ರವಿಕೆ ಹೊಲಿಯೋರ ಹತ್ರ ಎಡಗಡೆ ಒಳಗೆ ಹತ್ತಿ ಬಟ್ಟೆ ಎರಡು ಪದರ ಇಡಿಸ್ತೀನಿ. ಕಾರಲ್ಲಿ ಮುಂದೆ ಕೂತ್ರೆ ಸೀಟ್ ಬೆಲ್ಟ್ ಎಡ ಭುಜದಿಂದಲೇ ಬರುತ್ತೆ, ಒಂದು ಸಣ್ಣ ಟವಲ್ ಮಡಚಿ ಮಧ್ಯ ಇಡ್ತೀನಿ, ಬೆಲ್ಟ್ ಹಾಕದೇ ಮಾತ್ರ ಕೂರಲ್ಲ.

ಇನ್ನು ಕರೆಂಟು, ಆಯಸ್ಕಾಂತದ ವಿಷಯ. ಮನೆಗೆ ಬಂದ ಹೊಸತರಲ್ಲಿ ಮಿಕ್ಸಿ ಹಾಕಿದ್ರೆ ಸಾಕು ನನ್ನನ್ನ ಜಗಲಿಗೆ ಕಳಿಸೋರು. ಡಬ್ಬಿ ಜೊತೆ ಬಂದ ಪುಸ್ತಕನ ಮಗಳ ಹತ್ರ ಓದಿಸಿ, ಸೆಂಟಿಮೀಟರು ತಲೇಲಿ ನಿಲ್ಲಲ್ಲ ಅಂತ ನಾನೇ ಗೇಣು ಮೊಳದ ಲೆಕ್ಕ ಮಾಡ್ಕೊಂಡೆ. ಮೊಬೈಲು 15 ಸೆಂಟಿಮೀಟರ್ ದೂರ ಇರ್ಬೇಕು, ಅಂದ್ರೆ ಒಂದು ಗೇಣಿನ ಒಳಗೆ ಬರಬಾರದು. ಬಲ ಕಿವಿಗೆ ಇಟ್ಕೊಂಡು ಮಾತಾಡ್ತೀನಿ, ರವಿಕೆಯೊಳಗೆ ಸಿಕ್ಕಿಸ್ಕೊಳ್ಳೋ ಅಭ್ಯಾಸ ಬಿಟ್ಟೆ. ಈಗಿನ ಕೆಲವು ಫೋನಲ್ಲಿ, ಫೋನ್ ಕವರಲ್ಲಿ, ವ್ಯಾನಿಟಿ ಬ್ಯಾಗಿನ ಬಾಯಲ್ಲಿ ಮ್ಯಾಗ್ನೆಟ್ ಇರುತ್ತೆ, ಅದು ಎದೆಗೆ ಒತ್ತಿಕೊಂಡ್ರೆ ಪೇಸ್‌ಮೇಕರ್ ಹೃದಯದ ಮಾತು ಕೇಳಿಸ್ಕೊಳ್ಳೋದು ನಿಲ್ಲಿಸಿ ಒಂದೇ ಲೆಕ್ಕದಲ್ಲಿ ಬಡಿಯೋಕೆ ಶುರು ಮಾಡುತ್ತೆ, ದೂರ ಸರಿಸಿದ್ರೆ ಮತ್ತೆ ಸರಿ ಆಗುತ್ತೆ. ಇಂಡಕ್ಷನ್ ಒಲೆ 60 ಸೆಂಟಿಮೀಟರ್, ಒಂದೂವರೆ ಮೊಳ ಹತ್ರ. ಒಂದೂವರೆ ಮೊಳ ದೂರ ನಿಂತು ದೋಸೆ ಎರೆಯೋಕೆ ಆಗಲ್ಲ, ಅದಕ್ಕೆ ನಮ್ಮನೇಲಿ ಇಂಡಕ್ಷನ್ ತಂಗಿ ಮನೆಗೆ ಹೋಯ್ತು, ನಂದು ಗ್ಯಾಸು, ಸೌದೆ ಒಲೆ ಎರಡೇ. ಮಿಕ್ಸಿ, ಗ್ರೈಂಡರ್, ಟಿವಿ, ಫ್ರಿಜ್ಜು, ಇಸ್ತ್ರಿ ಪೆಟ್ಟಿಗೆ, ಯಾವುದಕ್ಕೂ ಹೆದರಬೇಕಾಗಿಲ್ಲ, ಓಡೋ ಮೋಟ್ರನ್ನ ಎದೆಗೆ ಅಪ್ಪಿಕೊಳ್ಳದಿದ್ರೆ ಆಯ್ತು.

ತೋಟದಲ್ಲಿ ಸ್ವಲ್ಪ ಬೇರೆ. ಹಂದಿ, ಕಾಡುಕೋಣದ ಕಾಟಕ್ಕೆ ನಾವೂ ಐಬೆಕ್ಸ್ ಬೇಲಿ, ಅಂದ್ರೆ ಕರೆಂಟ್ ಬೇಲಿ ಹಾಕಿದೀವಿ. ಅದರ ಮೆಷಿನ್ನು ಸುಮಾರು ಸೆಕೆಂಡಿಗೊಂದು ಸಲ ಟಕ್ ಟಕ್ ಅಂತ ಕರೆಂಟ್ ಬಿಡುತ್ತೆ, ತಂತಿ ಮುಟ್ಟಿದ್ರೆ ಆ ಟಕ್ಕನ್ನ ಪೇಸ್‌ಮೇಕರ್ ನನ್ನ ಹೃದಯದ ಬಡಿತ ಅಂತಲೇ ತಿಳ್ಕೊಂಡು ತಾನು ಬಡಿಯೋದು ಬಿಡಬಹುದು. ನಂಗೆ ಸ್ವಂತ ಬಡಿತ ಹೆಚ್ಚು ಉಳಿದಿಲ್ಲ, ಹಂಗಾಗಿ ಇದರಲ್ಲಿ ಮಾತ್ರ ನಾನು ತುಂಬ ಕಟ್ಟುನಿಟ್ಟು. ಬೆಳಿಗ್ಗೆ ನಮ್ಮನೆಯವ್ರು ಸ್ವಿಚ್ ಆಫ್ ಮಾಡಿ ಬಂದು ಬಾಯಲ್ಲಿ ಹೇಳಿದ ಮೇಲೇ ನಾನು ತೋಟಕ್ಕೆ ಇಳಿಯೋದು, ಮೆಷಿನ್ನಿಂದ ಒಂದು ಮೊಳ ಆಚೆ. ವೀಡ್ ಕಟರ್, ಮರ ಕೊಯ್ಯೋ ಮೆಷಿನ್ನಿನ ಇಂಜಿನ್ನಿಗೂ ಅದೇ ಒಂದು ಮೊಳ, ನಾನು ಅವನ್ನ ಹಿಡಿಯೋದೇ ಇಲ್ಲ. ಗೇಟಿಗೆ ವೆಲ್ಡಿಂಗ್ ಮಾಡೋಕೆ ಬಂದಾಗ ಒಳಗೆ ಇದ್ದುಬಿಡ್ತೀನಿ. ಒದ್ದೆ ಗೋಡೆ, ಹಳೇ ವೈರಿಂಗ್ ಅಂತ ಮನೆಗೆ ಇಎಲ್‌ಸಿಬಿ ಹಾಕಿಸಿದ್ವಿ, ಕರೆಂಟ್ ಸೋರಿದ್ರೆ ತಾನೇ ಆಫ್ ಆಗೋ ಸ್ವಿಚ್ಚು. ಮೆಟ್ಟುಗತ್ತಿಲಿ ಅಡಿಕೆ ಸುಲಿಯೋದು, ಹಾಲು ಕರಿಯೋದು, ಸೊಪ್ಪು ತರೋದು ಎಲ್ಲ ಮೊದಲಿನ ಹಂಗೇ ಮಾಡ್ತೀನಿ.

2023ರಲ್ಲಿ ಶಿವಮೊಗ್ಗದ ಸೋಗಾನೆ ವಿಮಾನ ನಿಲ್ದಾಣ ಶುರುವಾಯ್ತಲ್ಲ, ಮಗಳ ಬಾಣಂತನಕ್ಕೆ ಅಲ್ಲಿಂದಲೇ ಬೆಂಗಳೂರಿಗೆ ಹೋದೆ, ಮೊದಲ ಸಲ ವಿಮಾನ. ತಪಾಸಣೆ ಮಾಡೋ ಹುಡುಗಿಗೆ ಪೇಸ್‌ಮೇಕರ್ ಕಾರ್ಡ್ ತೋರಿಸ್ದೆ. ಮೆಟಲ್ ಡಿಟೆಕ್ಟರ್ ಚೌಕಟ್ಟಿನೊಳಗೆ ನಿಲ್ಲದೇ ದಾಟಿ ಹೋದ್ರೆ ಎಂತದೂ ಆಗಲ್ಲ, ಅವರು ಕೈಲಿ ಹಿಡಿಯೋ ಡಿಟೆಕ್ಟರ್ ಕೋಲನ್ನ ಮಾತ್ರ ಡಬ್ಬಿ ಮೇಲೆ ಹಿಡಿದು ನಿಲ್ಲಿಸಬಾರದು. ಆ ಹುಡುಗಿ ಕಾರ್ಡ್ ನೋಡಿ ಕೈಯಲ್ಲೇ ಮುಟ್ಟಿ ಬಿಟ್ಲು. ಆ ಕಾರ್ಡ್ ಯಾವಾಗ್ಲೂ ಪರ್ಸಲ್ಲಿರುತ್ತೆ, ಡಬ್ಬಿ ಮಾಡೆಲ್ಲು, ವೈರು, ಹಾಕಿದ ತಾರೀಕು ಎಲ್ಲ ಅದರಲ್ಲಿದೆ, ಬೀರುವಲ್ಲಿ ಒಂದು ಜೆರಾಕ್ಸು. ಅದು ಎಷ್ಟು ಮುಖ್ಯ ಅಂತ ಸೊಂಟ ನೋವಿಗೆ ಎಂಆರ್‌ಐ ಬರೆದಾಗ ತಿಳೀತು. ಒಂದು ಸ್ಕ್ಯಾನಿಂಗ್ ಸೆಂಟರಲ್ಲಿ ಪೇಸ್‌ಮೇಕರ್ ಅಂದ ಕೂಡ್ಲೆ ಆಗೋದೇ ಇಲ್ಲ ಅಂತ ವಾಪಸ್ ಕಳಿಸಿದ್ರು, ಕಾರ್ಡೂ ನೋಡ್ಲಿಲ್ಲ, ಬೇಜಾರಾಯ್ತು. ನಂದು ಎಂಆರ್‌ಐ ಮಾಡಬಹುದಾದ ಮಾಡೆಲ್ಲು, ವೈರೂ ಅಂತದ್ದೇ. ಹೃದಯದ ಡಾಕ್ಟ್ರ ಕಡೆಯವರು ಮೊದಲು ಸೆಟ್ಟಿಂಗ್ ಬದಲಾಯಿಸಿ, ಸ್ಕ್ಯಾನ್ ಆದ್ಮೇಲೆ ವಾಪಸ್ ಮಾಡ್ಬೇಕು. ಮಣಿಪಾಲಕ್ಕೆ ಹೋಗಿ ಹಂಗೇ ಮಾಡಿಸಿದ್ವಿ. ಬೇರೆ ಯಾವ ಆಪರೇಷನ್ ಇದ್ರೂ, ಹಲ್ಲು ಕೀಳಿಸೋದಾದ್ರೂ ಮೊದಲೇ ಹೇಳಿ, ಕರೆಂಟಿಂದ ಸುಟ್ಟು ರಕ್ತ ನಿಲ್ಲಿಸೋ ಮೆಷಿನ್ ಬಳಸೋರಿಗೆ ಇದು ಗೊತ್ತಿರಲೇಬೇಕು.

ಹೆದರಿಕೆ ಜಾಸ್ತಿ ಆದಾಗ ನಾನು ಆರ್ನೆ ಲಾರ್ಸನ್ ಅನ್ನೋರನ್ನ ನೆನೆಸ್ಕೊಳ್ತೀನಿ. 1958ರಲ್ಲಿ ಸ್ವೀಡನ್ನಿನಲ್ಲಿ ಮೊಟ್ಟಮೊದಲು ದೇಹದೊಳಗೆ ಪೇಸ್‌ಮೇಕರ್ ಹಾಕಿಸ್ಕೊಂಡೋರು, ಮೊದಲಿನ ಡಬ್ಬಿ ಕೆಲವೇ ಗಂಟೆಲಿ ಕೆಟ್ಟುಹೋಯ್ತು, ಆಮೇಲೆ ಬದಲಾಯಿಸ್ತಾ ಬದಲಾಯಿಸ್ತಾ ಒಟ್ಟು 26 ಡಬ್ಬಿ, 2001ರಲ್ಲಿ 86ನೇ ವಯಸ್ಸಲ್ಲಿ ತೀರ್ಕೊಂಡ್ರು, ಅದೂ ಹೃದಯದ ಕಾಯಿಲೆಯಿಂದ ಅಲ್ಲ.

ಸಾವಿನ ಮಾತು ಬಂತು, ಇದನ್ನೂ ಹೇಳಿಬಿಡ್ತೀನಿ, ಯಾರೂ ಬಾಯಿ ಬಿಡಲ್ಲ. ನಮ್ಮಲ್ಲಿ ಸುಡೋದು. ಪೇಸ್‌ಮೇಕರ್ ಒಳಗೇ ಇದ್ರೆ ಬೆಂಕಿ ಕಾವಿಗೆ ಬ್ಯಾಟರಿ ಸಿಡಿಯುತ್ತೆ, ಹತ್ರ ನಿಂತವರಿಗೆ ಪೆಟ್ಟಾಗಬಹುದು. ಅದಕ್ಕೆ ಮೊದಲೇ ಡಾಕ್ಟ್ರನ್ನ ಕರೆಸಿ ತೆಗೆಸಬೇಕು, ಸಣ್ಣ ಕೆಲಸ. ಒಂದು ರಾತ್ರಿ ಊಟ ಆದ್ಮೇಲೆ ಮಗನನ್ನ ಕೂರಿಸ್ಕೊಂಡು ಹೇಳ್ದೆ. "ಈಗ್ಯಾಕಮ್ಮ ಇದೆಲ್ಲ" ಅಂದ. ಈಗ ಹೇಳದಿದ್ರೆ ಆಮೇಲೆ ನಾನು ಹೇಳೋಕೆ ಆಗಲ್ಲವಲ್ಲ ಮಗ ಅಂದೆ. ಎದ್ದು ಹೋಗಿ ಫೈಲಿನ ಮೊದಲ ಹಾಳೆ ಮೇಲೆ ಬರೆದಿಟ್ಟ.

ಚೆಕಪ್‌ಗೆ ತಪ್ಪಿಸಲ್ಲ. ಡಬ್ಬಿ ಮೇಲೆ ಇಲಿಮರಿಯಂತ ಒಂದು ಯಂತ್ರ ಇಡ್ತಾರೆ, ಕಂಪ್ಯೂಟರಲ್ಲಿ ಎಲ್ಲ ಬರುತ್ತೆ, ಪರೀಕ್ಷೆಗೆ ಸ್ವಲ್ಪ ಹೊತ್ತು ಬಡಿತ ಜೋರು ಮಾಡ್ತಾರೆ, ಆಗ ಎದೆಲಿ ಓಡಿ ಬಂದ ಹಂಗೆ ಆಗುತ್ತೆ, ಗಾಬರಿ ಬೇಡ. ಮನೇಲಿ ವಾರಕ್ಕೊಂದು ಸಲ ನಾನೇ ನಾಡಿ ಎಣಿಸ್ತೀನಿ, 60ಕ್ಕಿಂತ ಕೆಳಗೆ ಬಂದ್ರೆ, ತಲೆ ಸುತ್ತಿದ್ರೆ, ಗಾಯದ ಜಾಗ ಕೆಂಪಾಗಿ ಊದಿದ್ರೆ ಅವತ್ತೇ ಹೊರಡೋದು. ಹೋದ ಸಲ ಬ್ಯಾಟರಿ ಇನ್ನೂ ನಾಕು ವರ್ಷ ಬರುತ್ತೆ ಅಂದ್ರು. ಮುಗೀತಾ ಬಂದಾಗ ಅದೇ ಮೊದಲೇ ತೋರಿಸುತ್ತೆ, ವೈರ್ ಸರಿ ಇದ್ರೆ ಡಬ್ಬಿ ಒಂದೇ ಬದಲಾಯಿಸಿದ್ರೆ ಸಾಕು. ಮುಂದಿನ ಚೆಕಪ್ಪು ನವರಾತ್ರಿ ಆದ್ಮೇಲೆ, ಅಡಿಕೆ ಕೊಯ್ಲು ಶುರುವಾಗೋ ಮುಂಚೆ ಹೋಗಿ ಬರ್ಬೇಕು.